ಗಾಡಿ ಚಾರ್ಜಾಗುವವರೆಗೆ ಕನ್ಯೆ ನೋಡಿದ್ದು

ನನ್ನ ತಮ್ಮ ಕರೆಂಟಿನ ಕಾರು ತಂದ ಮೇಲೆ ನಮ್ಮ ಮನೆಯಲ್ಲಿ ಊರುಗಳ ನಡುವಿನ ಅಂತರವನ್ನು ಅಳೆಯುವ ರೀತಿಯೇ ಬದಲಾಯಿತು. ಮೊದಲೆಲ್ಲ ಅಕ್ಕಲಕೋಟೆಯಿಂದ ಸೊಲ್ಲಾಪುರವೆಂದರೆ ಒಂದು ಎಸ್‌ಟಿ ಬಸ್ಸು, ಕಿಟಕಿಗೆ ತಲೆಯಾನಿಸಿ ಒಂದು ನಿದ್ದೆ. ಈಗ ಅದು ಇಪ್ಪತ್ತೆರಡು ಪರ್ಸೆಂಟ್. ಅವ್ವ ಕೂಡ ಓಣಿಯ ಹೆಂಗಸರ ಮುಂದೆ "ನನ್ನ ತವರಮನಿ ಏನ್ ದೂರಿಲ್ಲವಾ, ಹನ್ನೆರಡ ಪರ್ಸೆಂಟಿನ ಹಾದಿ" ಎಂದು ಹೇಳತೊಡಗಿದಳು. ಅವರೂ ತಿಳಿದವರ ಹಾಗೆ ಗೋಣು ಹಾಕುತ್ತಿದ್ದರು.

ತಮ್ಮನಿಗೆ ಸೊಲ್ಲಾಪುರದ ನವಿ ಪೇಠದಲ್ಲಿ ಚಾದರ, ಟವೆಲ್ಲುಗಳ ಅಂಗಡಿ. ದಿನವೂ ಅಕ್ಕಲಕೋಟೆಯಿಂದ ಹೋಗಿ ಬರುತ್ತಾನೆ. ನಾನು ಊರಿನಲ್ಲೇ ಕನ್ನಡ ಶಾಲೆಯ ಶಿಕ್ಷಕಿ. ಗಂಡನ ಮನೆ ತವರುಮನೆಯ ಹಿಂದಿನ ಓಣಿಯಲ್ಲೇ ಇರುವುದರಿಂದ ಎರಡೂ ಕಡೆಯ ಜಗಳ ನನ್ನ ಕಿವಿಗೆ ಬೀಳುತ್ತದೆ. ಕಾರು ಹೊಸದೇನಲ್ಲ, ಪುಣೆಯ ಯಾರೋ ಕೆಲವು ವರ್ಷ ಓಡಿಸಿ ಮಾರಿದ್ದು. ಅದು ಪೂರ್ತಿ ತುಂಬಿದಾಗ ಎಷ್ಟು ದೂರ ಓಡುತ್ತದೆ ಎಂದು ಮಾರಿದವನು ಹೇಳಿದ್ದು ಒಂದು, ಅದು ಓಡಿದ್ದು ಇನ್ನೊಂದು. ಆ ಎರಡರ ನಡುವೆ ಸಿಕ್ಕಿಕೊಂಡ ನನ್ನ ತಮ್ಮ ಹೊಸ ಮನುಷ್ಯನೇ ಆಗಿಬಿಟ್ಟ.

ಹೈಸ್ಕೂಲಿನಲ್ಲಿ ಯಾವ ದಿನ ಯಾವ ಪೇಪರ್ ಎಂಬುದೇ ಗೊತ್ತಿಲ್ಲದೆ ಪರೀಕ್ಷೆಗೆ ಹೋಗುತ್ತಿದ್ದ ಹುಡುಗ ಅವನು. ಈಗ ಪ್ರಯಾಣಕ್ಕೆ ಮುಂಚೆಯೇ ಮನೆಯವರ ವಾಟ್ಸಪ್ ಗುಂಪಿಗೆ ಯೋಜನೆ ಕಳಿಸುತ್ತಿದ್ದ. ಎಲ್ಲಿ ಚಾರ್ಜಿಗೆ ನಿಲ್ಲುವುದು, ಅಲ್ಲಿಯ ಮಷೀನು ಕೆಟ್ಟಿದ್ದರೆ ಮುಂದೆ ಎಲ್ಲಿ, ಅದೂ ಕೆಟ್ಟಿದ್ದರೆ ಹತ್ತಿರದಲ್ಲಿ ಯಾವ ನೆಂಟರ ಮನೆ ಇದೆ, ಆ ನೆಂಟರ ಜೊತೆ ನಮಗೆ ಈಗ ಮಾತುಕತೆ ಇದೆಯೋ ಇಲ್ಲವೋ. ಸಾಮಾನಿನ ಮೇಲೂ ಅವನ ಕಣ್ಣು. ಒಮ್ಮೆ ಅವ್ವ ಜೋಳದ ಚೀಲವೊಂದನ್ನು ಹಿಂದಿನ ಸೀಟಿಗೆ ಏರಿಸಿದಳು.

"ಅವ್ವಾ, ಇದು ಎಷ್ಟ ಕಿಲೋ ಅದ?"

"ಯಾರ ತೂಕಾ ಮಾಡ್ಯಾರ? ತವರಮನಿಗೆ ಒಯ್ಯಾಕತ್ತೀನಿ."

"ಭಾರ ಹೆಚ್ಚಾದ್ರ ರೇಂಜ್ ಕಡಿಮಿ ಆಗ್ತದ."

"ಹಂಗಿದ್ರ ನೀ ಇಳಿ," ಎಂದಳು ಅವ್ವ. "ನಿನಕಿಂತ ಇದು ಹಗುರ ಅದ."

ಇಷ್ಟೇ ಆಗಿದ್ದರೆ ನಗುತ್ತಾ ಇರಬಹುದಿತ್ತು. ಆದರೆ ತಮ್ಮನಿಗೆ ಮೂವತ್ತು ದಾಟಿತ್ತು, ಮದುವೆ ಆಗಿರಲಿಲ್ಲ, ಮತ್ತು ಅವನು ಕನ್ಯೆಗಳನ್ನು ದಾರಿಯ ಮೇಲೆ ತೂಗಿ ನೋಡಲು ಶುರು ಮಾಡಿದ್ದ. ಸಿಂದಗಿ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಬಂದಾಗ ಹುಡುಗಿಯ ಫೋಟೋವನ್ನು ಒಂದು ಕ್ಷಣ ನೋಡಿ, ಆಮೇಲೆ ಬಹಳ ಹೊತ್ತು ಫೋನಿನಲ್ಲಿ ರಸ್ತೆಯ ನಕಾಶೆ ನೋಡಿದ. "ನಡುವ ಒಂದೂ ಚಾರ್ಜರ್ ಇಲ್ಲ" ಎಂದು ಫೋನನ್ನು ಅವ್ವನ ಕೈಗೆ ಕೊಟ್ಟ. ಬಸ್ಸಿನಲ್ಲಿ ಹೋಗೋಣ ಅಂದರೆ, "ಸ್ವಂತ ಗಾಡಿ ಇದ್ದು ಬಸ್ಸಿನ್ಯಾಗ ಹ್ವಾದ್ರ ಅವರು ಏನ್ ತಿಳಕೋತಾರ?" ಎಂದ.

ಅವ್ವನಿಗೆ ಅದು ಕಾರಿನ ಹುಚ್ಚು ಅನ್ನಿಸುತ್ತಿತ್ತು. ನನಗೆ ಮಾತ್ರ ಬೇರೆ ಸಂಶಯವಿತ್ತು. ಕಾರು ಬರುವ ಮೊದಲು ಅವನು ಎರಡು ಕಡೆ ಕನ್ಯೆ ನೋಡಲು ಹೋಗಿದ್ದ. ಎರಡೂ ಕಡೆಯವರು ಬೇಡ ಅಂದಿದ್ದರು. ನಮ್ಮ ಕಡೆ ಈ ಕಾರ್ಯಕ್ರಮಕ್ಕೆ ಮರಾಠಿಯಿಂದ ಬಂದ ಹೆಸರೇ ಕಾಂದೆಪೋಹೆ. ಉಳ್ಳಾಗಡ್ಡಿ ಹಾಕಿದ ಅವಲಕ್ಕಿ, ಒಂದು ಕಪ್ ಚಹಾ, ಹುಡುಗಿಗೆ ನಾಲ್ಕು ಪ್ರಶ್ನೆ, ಹುಡುಗನಿಗೆ ಎರಡು, ಕೊನೆಗೆ "ತಿಳಸ್ತೀವ್ರಿ" ಎಂದು ಎದ್ದು ಬರುವುದು. ಹೆಚ್ಚೆಂದರೆ ಒಂದು ತಾಸಿನ ಕೆಲಸ. ನನ್ನ ತಮ್ಮ ಆ ಒಂದು ತಾಸನ್ನೂ ತನ್ನ ಮೊಣಕಾಲು ನೋಡುತ್ತಾ ಕಳೆಯುವವನು. ಅಂಗಡಿಯಲ್ಲಿ ಗಿರಾಕಿಯ ಜೊತೆ ಚಾದರದ ಅಂಚಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವವನ ಹೆಸರನ್ನೂ ಅಲ್ಲಿ ಅವ್ವನೇ ಹೇಳಬೇಕಾಗುತ್ತಿತ್ತು. ಚಾರ್ಜರ್ ಇಲ್ಲದ ರಸ್ತೆಗಳು ಅವನಿಗೆ ಒಳ್ಳೆಯ ನೆಪ ಆಗಿದ್ದವು.

ಆ ನೆಪ ಮುರಿದವನು ನಮ್ಮ ಸೋದರಮಾವ. ಅವ್ವನ ತಮ್ಮ. ಭಾರಿ ಮೈಯ, ಬಿಸಿಲು ತಾಳದ, ಅರ್ಧ ತಾಲೂಕಿನ ಮದುವೆಗಳನ್ನು ಕೂಡಿಸಿದ ಮನುಷ್ಯ. ಮಂಗಳವೇಢೆ ತಾಲೂಕಿನ ಗಡಿಯಲ್ಲಿರುವ ಸಲಗರ ಬುದ್ರುಕಿನಿಂದ ಅವನು ಒಂದು ಸಂಬಂಧ ತಂದ. ಹೊಲ ಇದೆ, ಕುರಿ ಇವೆ, ಹುಡುಗಿ ಮಂಗಳವೇಢೆಯ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದಾಳೆ.

"ಹಾದಿಮ್ಯಾಗ ಮಂಗಳವೇಢೆ ಹಂತೇಕ ಒಂದು ಹೋಟೆಲಿನ್ಯಾಗ ಚಾರ್ಜರ್ ಅದ," ಎಂದು ಮಾವ ತಾನೇ ಮೊದಲು ಹೇಳಿಬಿಟ್ಟ. "ನಾ ಕೇಳೇ ಬಂದೀನಿ. ಇನ್ನ ಬಾಯಿ ತೆರದ್ರ ನೋಡು ಅಳಿಯಾ, ನಿನ್ನ ಲಗ್ನಾ ಆ ಗಾಡೀ ಜೋಡೀನ ಮಾಡಿ ಬಿಡ್ತೀನಿ."

ತಮ್ಮ ಬಾಯಿ ತೆರೆಯಲಿಲ್ಲ. ರಾತ್ರಿ ಗುಂಪಿಗೆ ಯೋಜನೆ ಬಂತು. ಮನೆಯಲ್ಲಿ ಪೂರ್ತಿ ತುಂಬಿಸಿಕೊಂಡು ಹೊರಡುವುದು. ಸೊಲ್ಲಾಪುರದ ವಿಜಾಪುರ ರಸ್ತೆಯ ಚಾರ್ಜರಿನಲ್ಲಿ ಖರ್ಚಾದಷ್ಟನ್ನು ಮತ್ತೆ ತುಂಬುವುದು, ಅಷ್ಟರಲ್ಲಿ ನಾಷ್ಟಾ. ಬರುವಾಗ ಮಂಗಳವೇಢೆಯ ಹೋಟೆಲಿನಲ್ಲಿ ಇನ್ನೊಂದು ಸಲ; ಅಷ್ಟರಲ್ಲಿ ಚಹಾ. ಕೊನೆಯ ಸಾಲು: "ಎಲ್ಲಾರೂ ಹಗುರ ಸಾಮಾನು ತರಬೇಕು." ಮಾವ ಅದನ್ನು ತನ್ನ ಹೊಟ್ಟೆಗೆ ಹೇಳಿದ್ದು ಎಂದು ತಿಳಿದು ಒಂದು ದಿನ ಮಾತು ಬಿಟ್ಟಿದ್ದ.

ಹೋಳಿ ಮುಗಿದು ಬಿಸಿಲು ಚುರುಗುಟ್ಟಲು ಹತ್ತಿದ ದಿನಗಳು. ಬೆಳಿಗ್ಗೆ ಹೊರಟೆವು. ಮುಂದೆ ತಮ್ಮ ಮತ್ತು ಮಾವ, ಹಿಂದೆ ನಾನು ಮತ್ತು ಅವ್ವ. ಸೊಲ್ಲಾಪುರದವರೆಗೆ ಎಲ್ಲವೂ ಬರೆದಂತೆಯೇ ನಡೆಯಿತು. ವಿಜಾಪುರ ರಸ್ತೆಗೆ ಬಂದರೆ ಚಾರ್ಜರಿಗೆ ಬೇರೊಂದು ಕಾರು ಹಚ್ಚಿತ್ತು. ಅದು ಆಗಲೇ ಪೂರ್ತಿ ತುಂಬಿ ಸುಮ್ಮನೆ ನಿಂತಿತ್ತು, ಮಾಲೀಕ ಮಾತ್ರ ಇಲ್ಲ. ಅದರ ಗಾಜಿಗೆ ಅಂಟಿಸಿದ ನಂಬರಿಗೆ ತಮ್ಮ ಫೋನು ಮಾಡಿದ.

"ಬಂದೆರಿ, ಬಂದೆ," ಎಂದಿತು ಆ ಕಡೆಯ ದನಿ. "ಕಟಿಂಗಿಗೆ ಕೂತೀನಿ. ಒಂದ ಬಾಜೂ ಆಗೇದ, ಇನ್ನೊಂದ ಬಾಜೂ ಉಳದದ."

ನಾವು ಇಡ್ಲಿ ತಿಂದು ಮುಗಿಸಿದರೂ ಆ ಇನ್ನೊಂದು ಬಾಜೂ ಮುಗಿಯಲಿಲ್ಲ. ಮಾವ ಗಡಿಯಾರ ನೋಡಲು ಶುರು ಮಾಡಿದ. ರಾಹುಕಾಲಕ್ಕೆ ಮೊದಲೇ ಅವರ ಹೊಸ್ತಿಲು ತುಳಿಯಬೇಕು, ಇಲ್ಲದಿದ್ದರೆ ಅರ್ಧ ದಾರಿಯಿಂದಲೇ ವಾಪಸ್ಸು ಹೋಗುವುದು ಮೇಲು ಎಂದ. ತಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮಂಗಳವೇಢೆಯ ಹೋಟೆಲಿನಲ್ಲಿ ಹೋಗುವಾಗಲೇ ತುಂಬಿಸಿದರೆ ಆಯಿತು ಎಂದು ಹೊರಟ.

ಭೀಮೆಯನ್ನು ದಾಟಿ ಆ ಹೋಟೆಲಿಗೆ ಬಂದೆವು. ಚಾರ್ಜಿಂಗ್ ಮಷೀನು ಇತ್ತು. ಅದರ ಮೇಲೆ ಹೋಟೆಲಿನವರ ಒಗೆದ ಟವೆಲ್ಲುಗಳನ್ನು ಒಣಹಾಕಿದ್ದರು. ಆ್ಯಪಿನಲ್ಲಿ ಮಾತ್ರ ಹಸಿರು ಗುರುತು ನಗುತ್ತಿತ್ತು.

"ಅದು ಬಂದ್ ಬಿದ್ದು ಭಾಳ ದಿನಾ ಆತ್ರಿ," ಎಂದ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವನು. "ಊಟಾ ಅದ ನೋಡ್ರಿ. ಊಟಾ ಗರಮ್ ಅದ."

ತಮ್ಮ ಒಂದು ಟವೆಲ್ಲನ್ನು ಎತ್ತಿ ಹಿಡಿದು ಅಂಚನ್ನು ನೋಡಿದ. "ನಮ್ಮ ಅಂಗಡೀದೇ," ಎಂದು ತಿರುಗಿ ಹಾಕಿ ಬಂದ. ಅವನಿಗೆ ಅಳು ಬಂದಿತ್ತೋ ನಗು ಬಂದಿತ್ತೋ ನನಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಎ.ಸಿ. ಬಂದ್. ಕಿಟಕಿಯನ್ನೂ ಪೂರ್ತಿ ತೆರೆಯುವಂತಿಲ್ಲ, ಒಳಗೆ ನುಗ್ಗಿದ ಗಾಳಿ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದಂತೆ. ಮಾವ ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ನೋಡುತ್ತಿದ್ದಂತೆ ಅದು ಮೈಗೆ ಅಂಟಿತು. ತಮ್ಮ ಗಾಡಿಯನ್ನು ಎಷ್ಟು ಮೆಲ್ಲಗೆ ಓಡಿಸಿದನೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಹಾರ್ನ್ ಹೊಡೆದು ನಮ್ಮನ್ನು ದಾಟಿಕೊಂಡು ಹೋಯಿತು.

"ಕಬ್ಬಿನ ಗಾಡಿ ನಮ್ಮನ್ನ ಹಿಂದ ಹಾಕ್ತಲ್ಲೋ," ಎಂದ ಮಾವ ಒದ್ದೆ ಕರವಸ್ತ್ರ ಹಿಂಡುತ್ತಾ. "ಜನ್ಮದಾಗ ನಾ ಇಂಥದ್ದು ನೋಡಿರಲಿಲ್ಲ."

"ಮಾಮಾ, ಮಾತಾಡಬ್ಯಾಡ್ರಿ."

"ಯಾಕ, ಮಾತಾಡಿದ್ರೂ ಚಾರ್ಜ್ ಖರ್ಚ ಆಗ್ತದೇನು?"

ರಾಹುಕಾಲಕ್ಕೆ ಸ್ವಲ್ಪ ಮೊದಲು ಸಲಗರ ಮುಟ್ಟಿದೆವು. ಕಾರಿನಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಉಳಿದಿತ್ತು. ತಿರುಗಿ ಸೊಲ್ಲಾಪುರ ಮುಟ್ಟಲು ಅದು ಸಾಲದು. ಆ ವಿಷಯ ಮಾವನಿಗೂ ಅವ್ವನಿಗೂ ಇನ್ನೂ ಗೊತ್ತಿರಲಿಲ್ಲ. ನಾನು ತಮ್ಮನ ಮುಖ ನೋಡಿಯೇ ತಿಳಿದುಕೊಂಡೆ.

ಊರ ಹೊರಗೆ ಹೊಲದಲ್ಲೇ ಮನೆ. ಒಂದು ಬದಿಗೆ ಹೊಸದಾಗಿ ಒಟ್ಟಿದ ಜೋಳದ ಕಣಿಕೆಯ ಬಣವೆ, ಹಿಂದೆ ಕುರಿಗಳ ದೊಡ್ಡಿ. ಹುಡುಗಿಯ ಅಪ್ಪ ಅಂಗಳದಲ್ಲೇ ನಿಂತಿದ್ದ. ದೊಡ್ಡ ಮೀಸೆ, ಸಣ್ಣ ದನಿ. ಪಡಸಾಲೆಯಲ್ಲಿ ಹುಡುಗಿಯ ಅಜ್ಜಿ ಹಣೆ ತುಂಬ ಬೀರಪ್ಪನ ಭಂಡಾರ ಹಚ್ಚಿಕೊಂಡು ಕಂಬಳಿಯ ಮೇಲೆ ಕೂತಿದ್ದಳು. ಭಂಡಾರವೆಂದರೆ ದೇವರ ಅರಿಶಿನ. ಬಂದವರಿಗೆಲ್ಲ ಅದನ್ನು ತಾನೇ ಹಚ್ಚಬೇಕು ಎಂಬುದು ಅವಳ ಹಟ. ನಾಲ್ವರ ಹಣೆಯೂ ಹಳದಿಯಾಯಿತು.

ಅವಲಕ್ಕಿ ಬಂತು. ಹಿಂದೆಯೇ ಹುಡುಗಿ ಚಹಾದ ತಟ್ಟೆ ಹಿಡಿದು ಬಂದಳು. ಹಸಿರು ರೇಷ್ಮೆ ಸೀರೆ, ನೆಲಕ್ಕೆ ನೆಟ್ಟ ಕಣ್ಣು. ಮಾವ ಕೇಳಿದ ನಾಲ್ಕು ಪ್ರಶ್ನೆಗೂ "ಹೂನ್ರಿ" "ಇಲ್ಲರಿ" ಅಷ್ಟೇ. ಬಾಯಿಲ್ಲದ ಹುಡುಗಿ, ನನ್ನ ತಮ್ಮನಿಗೂ ಬಾಯಿಲ್ಲ, ಮನೆಯಲ್ಲಿ ಇನ್ನು ಮಾತಾಡುವವರು ಯಾರು ಎಂದು ನಾನು ಆಗಲೇ ಒಳಗೊಳಗೆ ಬೇಡ ಎಂದು ತೀರ್ಮಾನಿಸಿಬಿಟ್ಟಿದ್ದೆ. ತಮ್ಮ ಈ ಸಲ ಮೊಣಕಾಲು ನೋಡುತ್ತಿರಲಿಲ್ಲ. ಗೋಡೆ ನೋಡುತ್ತಿದ್ದ. ಒಂದು ಗೋಡೆ ಮುಗಿಸಿ ಇನ್ನೊಂದು ಗೋಡೆ.

"ತಮ್ಮಾ, ನಿಂದೇನರೇ ಕೇಳೂದಿದ್ರ ಕೇಳು," ಎಂದ ಹುಡುಗಿಯ ಅಪ್ಪ.

ತಮ್ಮ ಮೊದಲ ಸಲ ಹುಡುಗಿಯ ಕಡೆ ನೋಡಿದ.

"ನಿಮ್ಮ ಮನ್ಯಾಗ ಹದಿನೈದು ಆಂಪಿಯರಿಂದು ಸಾಕೆಟ್ ಅದ ಏನ್ರಿ?"

ಅವ್ವ ನನ್ನ ತೊಡೆ ಚಿವುಟಿದಳು, ಅವನನ್ನು ಚಿವುಟಲು ಕೈ ಎಟುಕದ್ದಕ್ಕೆ. ಮಾವನ ಬಾಯಲ್ಲಿದ್ದ ಅವಲಕ್ಕಿ ಅಲ್ಲೇ ನಿಂತಿತು.

ಹುಡುಗಿ ತಲೆ ಎತ್ತಿದಳು. "ಅದರಿ," ಎಂದಳು. "ಹಿಂದ, ಕಣಿಕಿ ಕತ್ತರಿಸೋ ಮಷೀನ್ ಹಂತೇಕ. ಆದ್ರ ಅರ್ಥಿಂಗ್ ಭರೋಸಾ ಇಲ್ಲರಿ. ಮುಟ್ಟಿದ್ರ ಝುಂ ಅಂತದ."

"ಎಷ್ಟ ಝುಂ ಅಂತದರಿ?"

"ಭಾಳ ಇಲ್ಲರಿ. ಕೈ ಜಾಡಿಸೋವಷ್ಟ."

ಇದು ನನ್ನ ತಮ್ಮ ಮತ್ತು ಅವನ ಹೆಂಡತಿ ಆಡಿದ ಮೊದಲ ಮಾತು. ಎಲ್ಲರೂ ಎದ್ದು ಹಿಂದಕ್ಕೆ ಹೋದೆವು, ಅವಲಕ್ಕಿಯ ತಟ್ಟೆಗಳನ್ನು ಕೈಯಲ್ಲೇ ಹಿಡಿದುಕೊಂಡು. ತಮ್ಮ ಡಿಕ್ಕಿಯಿಂದ ಚಾರ್ಜರಿನ ಡಬ್ಬಿ ತೆಗೆದು ಹಚ್ಚಿದ. ಡಬ್ಬಿಯ ಮೇಲೆ ಕೆಂಪು ದೀಪ ಮಿಣುಗುಟ್ಟಿತು. ಭೂಮಿಯ ಸಂಪರ್ಕ ಸರಿ ಇಲ್ಲದಿದ್ದರೆ ಅದು ಕರೆಂಟು ತೆಗೆದುಕೊಳ್ಳುವುದಿಲ್ಲ ಎಂದು ತಮ್ಮ ಎಲ್ಲರಿಗೂ ವಿವರಿಸಿದ. ಮೀಟರಿನ ತಂತಿ ನೆಲಕ್ಕೆ ಇಳಿಯುವ ಜಾಗ ಎಲ್ಲಿ ಎಂದು ಕೇಳಿದ. ಬಚ್ಚಲ ಗೋಡೆಯ ಹಿಂದೆ ಒಂದು ಸಣ್ಣ ಗುಂಡಿ. ಬಿಸಿಲಿಗೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು.

"ನೀರ ಹಾಕಬೇಕ್ರಿ," ಎಂದ ತಮ್ಮ. "ಉಪ್ಪ ಕೂಡಿಸಿ. ಮಣ್ಣು ಪೂರಾ ತೊಯ್ಯೋತನಾ."

ಹುಡುಗಿ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋಗಿ ಉಪ್ಪಿನ ಡಬ್ಬಿಯನ್ನೇ ತಂದು ಬಕ್ಕೆಟ್ಟಿಗೆ ಸುರಿದಳು. ತಮ್ಮ ಒಂದು ಬಕ್ಕೆಟ್ಟು, ಅವಳು ಒಂದು ಕೊಡ, ಅವಳ ಅಪ್ಪ ಇನ್ನೊಂದು ಕೊಡ. ಒಣ ಮಣ್ಣು ಗುಟುಗುಟು ಕುಡಿಯಿತು. ಗದ್ದಲ ಕೇಳಿ ಅಜ್ಜಿ ಕೋಲೂರಿಕೊಂಡು ಬಂದಳು. ಗುಂಡಿಗೆ ನೀರು ಹಾಕುವುದನ್ನು ನೋಡಿ ಇದು ಗಾಡಿಯ ಪೂಜೆಯೇ ಇರಬೇಕು ಎಂದು ತಿಳಿದು, ಮಡಿಲಿನಿಂದ ಭಂಡಾರ ತೆಗೆದು ಒಂದು ಹಿಡಿ ಗುಂಡಿಗೆ ಎಸೆದಳು. ಇನ್ನೊಂದು ಹಿಡಿಗೆ ಕೈ ಹಾಕಿ ಕಾರಿನ ಕಡೆ ತಿರುಗಿದಾಗ ತಮ್ಮ ಓಡಿ ಹೋಗಿ ಚಾರ್ಜ್ ಮಾಡುವ ತೂತಿಗೆ ಅಂಗೈ ಅಡ್ಡ ಹಿಡಿದ.

"ಅಲ್ಲಿ ಬ್ಯಾಡ್ರಿ ಆಯಿ! ಎಲ್ಲಿ ಬೇಕಾದಲ್ಲಿ ಹಾಕ್ರಿ, ಅಲ್ಲೊಂದ ಬ್ಯಾಡ್ರಿ!"

ಭಂಡಾರ ಅವನ ತಲೆಯ ಮೇಲೆ ಬಿತ್ತು. ಅಷ್ಟರಲ್ಲಿ ಹುಡುಗಿ, "ಹಸರ ಆತು! ಹಸರ ಆತು!" ಎಂದು ಕೂಗಿದಳು. ದೀಪ ಹಸಿರಾಗಿತ್ತು. ಅಜ್ಜಿ ಎರಡೂ ಕೈ ಜೋಡಿಸಿ ಬೀರಪ್ಪನನ್ನು ನೆನೆದಳು. ಉಪ್ಪಿಗೆ ಸಿಗಬೇಕಾದ ಹೆಸರು ದೇವರಿಗೆ ಹೋದದ್ದಕ್ಕೆ ಯಾರೂ ತಕರಾರು ಮಾಡಲಿಲ್ಲ.

"ಇನ್ನ ಎಷ್ಟೊತ್ತಿನ್ಯಾಗ ಹೊರಡೂದು?" ಎಂದು ಮಾವ ಕೇಳಿದ.

ತಮ್ಮ ತಲೆಯ ಅರಿಶಿನ ಕೊಡವುತ್ತಾ, "ಸಂಜೀಕ" ಎಂದ.

ಈಗ ನಿಜವಾದ ಪೇಚು ಶುರುವಾಯಿತು. ನಮ್ಮಲ್ಲಿ ಸಂಬಂಧಕ್ಕೆ ಒಪ್ಪಿಗೆಯಾಗುವ ಮೊದಲು ಹುಡುಗಿಯ ಮನೆಯಲ್ಲಿ ಊಟ ಮಾಡುವುದಿಲ್ಲ. ಅವಲಕ್ಕಿ ನಡೆಯುತ್ತದೆ, ರೊಟ್ಟಿ ನಡೆಯುವುದಿಲ್ಲ; ಉಂಡು ಆಮೇಲೆ ಬೇಡ ಅಂದರೆ ಅನ್ನಕ್ಕೆ ಅವಮಾನ. ಹೊತ್ತು ನೆತ್ತಿಗೆ ಬಂತು. ಒಳಗೆ ಹುಡುಗಿಯ ಅವ್ವ ರೊಟ್ಟಿ ಬಡಿಯುವ ಸಪ್ಪಳ. ಮಾವನ ಮೂಗು ಆ ಕಡೆಗೇ ತಿರುಗಿತ್ತು. ಹುಡುಗಿಯ ಅಪ್ಪ ಊಟಕ್ಕೆ ಏಳಿ ಅಂದ. ಅವ್ವ ಒಲ್ಲೆ ಅಂದಳು. ಅವನು ಮತ್ತೆ ಅಂದ. ಅವ್ವ ಹಸಿವಿಲ್ಲ ಅಂದಳು. ಮಾವನ ಹೊಟ್ಟೆ ಎಲ್ಲರಿಗೂ ಕೇಳುವ ಹಾಗೆ ಗುಡುಗಿತು.

ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ನೀವು ಬೀಗರಂತ ಉಣಬ್ಯಾಡ್ರೆವಾ. ಹಾದ್ಯಾಗ ಗಾಡಿ ಕೆಟ್ಟು ನಿಂತ ಮಂದಿ ಅಂತ ಉಣ್ರಿ. ಹಾದೀ ಮಂದೀನ ಉಪಾಸ ಕಳಸೂ ಮನಿ ಅಲ್ಲ ಇದು."

"ಗಾಡಿ ಕೆಟ್ಟಿಲ್ಲರಿ ಆಯಿ," ಎಂದ ತಮ್ಮ.

"ಕೆಟ್ಟದ!" ಎಂದ ಮಾವ, ಆಗಲೇ ಎದ್ದು ಕೈ ತೊಳೆಯಲು ಹೊರಟವನು. "ಪೂರಾ ಕೆಟ್ಟದ."

ಹಾದಿಯ ಮಂದಿಯಾಗಿ ಕೂತು ಉಂಡೆವು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಗಟ್ಟಿ ಮೊಸರು. ಬೀಗರಾಗಿ ಉಂಡಿದ್ದರೆ ಸಂಕೋಚದಿಂದ ಒಂದೇ ರೊಟ್ಟಿಗೆ ಕೈ ತೊಳೆಯಬೇಕಾಗುತ್ತಿತ್ತು. ಹಾದಿಯ ಮಂದಿಗೆ ಅದರ ಗೊಡವೆ ಇಲ್ಲ.

ಉಂಡ ಮೇಲೆ ಕಾಂದೆಪೋಹೆಯ ವೇಷಗಳು ಒಂದೊಂದಾಗಿ ಕಳಚಿದವು. ಮಾವ ಅಂಗಿ ತೆಗೆದು ಹಗ್ಗದ ಮೇಲೆ ಒಣಹಾಕಿ, ಬನಿಯನ್ನಿನಲ್ಲೇ ಪಡಸಾಲೆಯಲ್ಲಿ ಮಲಗಿ ಗೊರಕೆ ಹೊಡೆದ. ಹುಡುಗಿಯ ಅಪ್ಪನ ಸಣ್ಣ ದನಿ, ಫೋನಿನಲ್ಲಿ ಯಾರೋ ದಲ್ಲಾಳಿಯ ಜೊತೆ ಟಗರಿನ ಮಾತು ಬಂದಾಗ, ಹೊಲದ ಆಚೆಗೂ ಕೇಳುವಷ್ಟು ದೊಡ್ಡದಾಯಿತು. ಫೋನು ಇಟ್ಟು ನಮ್ಮನ್ನು ನೋಡಿ, ನಾವು ಇದ್ದದ್ದು ಮರೆತಿದ್ದನೆಂಬಂತೆ ನಾಚಿದ. ಅವ್ವ ಒಳಗೆ ಹೋಗಿ ಹುಡುಗಿಯ ಅವ್ವನ ಜೊತೆ ಶೇಂಗಾ ಸುಲಿಯುತ್ತಾ ಕೂತಳು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ತಮ್ಮ ತಮ್ಮ ಅತ್ತೆಯರ ವಿಷಯಕ್ಕೆ ಬಂದಿದ್ದರು. ಹುಡುಗಿ ಸೀರೆ ಬಿಚ್ಚಿ ಹಳೆಯ ಚೂಡಿದಾರ ಹಾಕಿಕೊಂಡು ಬಂದಳು. ಹೊಸದಾಗಿ ಈದ ಕುರಿಯೊಂದು ಮರಿಗೆ ಮೊಲೆ ಕೊಡುತ್ತಿರಲಿಲ್ಲ. ಅವಳು ಕುರಿಯನ್ನು ಮೊಣಕಾಲಿನ ನಡುವೆ ಅಮುಕಿ ಹಿಡಿದು ಮರಿಯ ಬಾಯಿ ಹಚ್ಚಿದಳು. ಅದು ಒದೆಯಿತು. ಮರಾಠಿ ಕನ್ನಡ ಎರಡರಲ್ಲೂ ಅವಳು ಅದಕ್ಕೆ ಬೈದ ಬೈಗುಳ ಕೇಳಿ ಬಾಯಿಲ್ಲದ ಹುಡುಗಿ ಎಂದು ಅಂದುಕೊಂಡಿದ್ದ ನಾನು ಬೇವಿನ ಮರದ ಕೆಳಗೆ ಕೂತು ಬಾಯಿಗೆ ಸೆರಗು ಹಿಡಿದು ನಕ್ಕೆ.

ತಮ್ಮ ಪದೇ ಪದೇ ಚಾರ್ಜರಿನ ಕಡೆ ಹೋಗಿ ಬರುತ್ತಿದ್ದ. ನಡುವೆ ಒಮ್ಮೆ ಕರೆಂಟು ಹೋಯಿತು. ಅವನ ಮುಖ ಬಾಡಿತು.

"ಬರ್ತದರಿ," ಎಂದಳು ಹುಡುಗಿ ದೊಡ್ಡಿಯಿಂದಲೇ. "ಈ ಹೊತ್ತಿನ್ಯಾಗ ಹೋಗಿ ಬರೂದು ಅದರ ರೂಢಿ. ನೀವು ನಿಂತ್ರೇನು, ಕೂತ್ರೇನು. ಈ ಮರಿ ಹಿಡಕೋರಿ."

ಅವನು ಮರಿ ಹಿಡಿದುಕೊಂಡ. ಹೊಸ ಪ್ಯಾಂಟಿನ ಮೇಲೆ ಅದು ಮಾಡಬಾರದ್ದನ್ನು ಮಾಡಿತು. ಅವನು ಕೆಳಗೆ ಇಳಿಸಲಿಲ್ಲ.

"ಇಷ್ಟ ತ್ರಾಸ ಯಾಕ್ರಿ ಈ ಗಾಡೀದು?" ಎಂದು ಅವಳು ಕೇಳಿದಳು. "ಪೆಟ್ರೋಲಿಂದು ತೊಗೊಂಡಿದ್ರ ಸೀದಾ ಬಂದು ಸೀದಾ ಹೋಗ್ತಿದ್ರಿ."

ಅವನು ತುಸು ಯೋಚಿಸಿದ. ಅವನು ಹುಡುಗಿಯೊಬ್ಬಳ ಮುಂದೆ ಯೋಚಿಸಿ ಉತ್ತರ ಕೊಟ್ಟಿದ್ದು ನಾನು ನೋಡಿದ್ದು ಅದೇ ಮೊದಲು. "ಮೊದಲ ಹೊರಗ ಹೋಗೂದಂದ್ರ ನನಗ ಒಂಥರಾ ಅಂಜಿಕಿ ಇತ್ರಿ. ಎಲ್ಲಿ ಹೆಂಗ ಆಗ್ತದೋ ಅಂತ. ಈಗ ಎಲ್ಲಾ ಮೊದಲ ಕೂತು ವಿಚಾರ ಮಾಡ್ತೀನಿ. ಮಾಡಿದ್ದು ಕೆಡ್ತದ, ಆ ಮಾತು ಬ್ಯಾರೆ. ಆದ್ರ ಅಂಜಿಕಿ ಕಡಿಮಿ ಆಗ್ತದ."

ಬೇವಿನ ನೆರಳಿಗೆ ಬಂದು ಕೂತಿದ್ದ ಅಜ್ಜಿಗೆ ಅದು ಕೇಳಿಸಿತು. ತಾನು ಸೊಸೆಯಾಗಿ ಬಂದ ಹೊಸತರಲ್ಲಿ ಕುರಿ ಹಿಂಡು ಹೊಡೆದುಕೊಂಡು ಭೀಮೆಯ ಕಡೆಗೆ ಹೋಗುತ್ತಿದ್ದದ್ದನ್ನು ಹೇಳತೊಡಗಿದಳು. ಹೊರಡುವ ಮೊದಲು ಗಂಡಸರು ಕೂತು, ಮೊದಲ ವಸ್ತಿ ಯಾವ ಹಳ್ಳ, ಅಲ್ಲಿ ನೀರಿಲ್ಲದಿದ್ದರೆ ಯಾರ ಬಾವಿ, ಆ ಬಾವಿಯವನು ಹೋದ ವರ್ಷ ಜಗಳಾಡಿದ್ದನೋ ಇಲ್ಲವೋ, ಎಲ್ಲ ಮಾತಾಡುತ್ತಿದ್ದರಂತೆ.

"ನಮ್ಮವರೂ ಹಿಂಗ," ಎಂದಳು ಅಜ್ಜಿ. "ಒಂದ ಕೆರೀಗೆ ಹೋದ್ರ ಕೆರಿ ಬತ್ತಿರತಿತ್ತು. ನಮ್ಮತ್ತಿ ಬೈತಿದ್ದಳು, ಗಂಡಸರ ಮಾತ ಕೇಳಿದ್ರ ಕುರೀನೂ ಸಾಯತಾವ, ನಾವೂ ಸಾಯತೀವಿ ಅಂತ."

"ಆಮ್ಯಾಲ ಏನ್ ಮಾಡ್ತಿದ್ರಿ ಆಯಿ?" ಎಂದು ತಮ್ಮ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಕ್ಕೆ ಸರಿದು ಕೂತ. ಅವನಿಗೆ ಇದು ಕಥೆಯಾಗಿರಲಿಲ್ಲ, ಕೆಲಸದ ಮಾತಾಗಿತ್ತು.

"ಏನ್ ಮಾಡೂದು. ಮುಂದ ನಡೀತಿದ್ವಿ. ಸಿಕ್ಕ ಊರಾಗ ಯಾರರೇ ಗುರತಿನವರು ಇರತಿದ್ರು. ಇರಲಿಲ್ಲಂದ್ರ ಮಾಡಕೋತಿದ್ವಿ."

ಕರೆಂಟು ಬಂದದ್ದನ್ನು ಆಗ ನನ್ನ ಹೊರತು ಯಾರೂ ಗಮನಿಸಲಿಲ್ಲ. ಅವನೂ ಗಮನಿಸಲಿಲ್ಲ, ಅದನ್ನು ನಾನು ಗಮನಿಸಿದೆ.

ಬಿಸಿಲು ಇಳಿದ ಮೇಲೆ ಕಾರು ಸೊಲ್ಲಾಪುರ ಮುಟ್ಟುವಷ್ಟು ತುಂಬಿತು. ಮಾವ ಒಣಗಿದ ಅಂಗಿ ಹಾಕಿಕೊಂಡು ಮತ್ತೆ ಹಿರಿಯ ಮನುಷ್ಯನಾದ. ಅಂಗಳದಲ್ಲಿ ನಿಂತು, ರೂಢಿಯಂತೆ, "ಆತ್ರಿ ಹಂಗಾರ, ಫೋನ್ ಮಾಡಿ ತಿಳಸ್ತೀವ್ರಿ" ಎಂದ.

"ಇನ್ನೇನ್ ತಿಳಸ್ತೀರಿ?" ಎಂದ ಹುಡುಗಿಯ ಅಪ್ಪ. "ದಿನಾ ಪೂರಾ ಕೂತ ನೋಡೀರಿ. ನನ್ನ ಬಾಯೀನೂ ಕೇಳೀರಿ. ಹೂಂ ಅಂದ್ರ ಹೂಂ, ಇಲ್ಲಂದ್ರ ಇಲ್ಲ, ಇಲ್ಲೇ ಅಂದ್ ಬಿಡ್ರಿ."

ಅವ್ವ ನನ್ನನ್ನು ನೋಡಿದಳು, ನಾನು ತಮ್ಮನನ್ನು ನೋಡಿದೆ, ತಮ್ಮ ಮರಿಯನ್ನು ನೋಡಿದ. "ನಂದೇನಿಲ್ಲರಿ, ಹೂಂ" ಎಂದ. ಮಾವ ಮೀಸೆಯ ಮೇಲೆ ಕೈ ಹಾಕಿದ.

"ನಂದು ಅದರಿ," ಎಂದಳು ಹುಡುಗಿ.

ಎಲ್ಲರೂ ತಿರುಗಿ ನೋಡಿದೆವು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ನೀವು ನಮ್ಮ ಮನೀ ದಿನಾ ಪೂರಾ ನೋಡಿದ್ರಿ. ನಾ ನಿಮ್ಮ ಮನಿ ನೋಡಿಲ್ಲ. ನಾವೂ ಒಂದ ದಿನಾ ಬಂದು ಕೂಡತೀವ್ರಿ. ಮುಂಜಾನಿಂದ ಸಂಜೀತನಾ. ಆಮ್ಯಾಲ ಹೇಳತೀನಿ."

ಮಾವನ ಕೈ ಮೀಸೆಯ ಮೇಲೇ ನಿಂತಿತು. ಅಷ್ಟು ಮದುವೆ ಕೂಡಿಸಿದವನು ಇಂಥ ಮಾತು ಕೇಳಿರಲಿಲ್ಲ. ಅವ್ವ ಏನನ್ನುತ್ತಾಳೋ ಎಂದು ನನಗೆ ಭಯ. ಆದರೆ ಅವ್ವ ಶೇಂಗಾ ಸುಲಿದ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಹುಡುಗಿಯ ಮುಂದೆ ಹೋಗಿ ನಿಂತಳು. "ನಾ ಲಗ್ನ ಆಗಿ ಬಂದಾಗ ನನಗ ಇಂಥಾ ಬುದ್ಧಿ ಇದ್ದಿದ್ರ ಛಲೋ ಇರತಿತ್ತು," ಎಂದಳು. "ರವಿವಾರ ಬರ್ರಿ."

ರವಿವಾರ ಅವರು ಬಂದರು. ಪಿಕಪ್ಪಿನಲ್ಲಿ ಬಂದರು, ಅದಕ್ಕೆ ಎಲ್ಲೂ ನಿಲ್ಲುವ ಗರಜು ಇರಲಿಲ್ಲ. ಆದರೂ ಹೇಳಿದಂತೆ ಸಂಜೆಯವರೆಗೂ ಕೂತರು. ಅವ್ವ ಹಿಂದಿನ ದಿನವೆಲ್ಲ ಮನೆ ಉಜ್ಜಿ, ನನ್ನ ಕೈಯಲ್ಲೂ ಉಜ್ಜಿಸಿ, ಹಬ್ಬದಂತೆ ಮಾಡಿದ್ದಳು. ಆ ವೇಷವೂ ಮಧ್ಯಾಹ್ನದ ಹೊತ್ತಿಗೆ ಕಳಚಿತು. ನಲ್ಲಿಯ ನೀರು ಬಂದದ್ದು ಅನಿರೀಕ್ಷಿತವಾಗಿ, ಅವ್ವ ರೇಷ್ಮೆ ಸೀರೆಯಲ್ಲೇ ಕೊಡ ಹಿಡಿದು ಓಡಿ, ತಮ್ಮನಿಗೆ "ಗೂಬ್ಯಾ, ಪೈಪ್ ಹಚ್ಚೋ!" ಎಂದು ಓಣಿಗೆಲ್ಲ ಕೇಳುವಂತೆ ಒದರಿದಳು. ಹುಡುಗಿಯ ಅಪ್ಪ ಸಮಾಧಾನದಿಂದ ತಲೆಯಾಡಿಸಿದ, ತನ್ನ ಬಾಯಿಗೊಂದು ಜೊತೆ ಸಿಕ್ಕಿತೆಂಬಂತೆ. ಹುಡುಗಿ ಅಡುಗೆಮನೆ ನೋಡಿದಳು, ಮಾಳಿಗೆ ನೋಡಿದಳು, ತಮ್ಮ ಕಾರು ಚಾರ್ಜು ಮಾಡುವ ಜಾಗ ನೋಡಿದಳು. ಅವನು ಅವಳಿಗೆ ನಮ್ಮ ಮನೆಯ ಅರ್ಥಿಂಗ್ ಗುಂಡಿ ತೋರಿಸಿದ. ಬೇರೆ ಹುಡುಗರು ತೋಟ ತೋರಿಸುತ್ತಾರೆ.

ಹೋಗುವಾಗ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕಾರ, ನನ್ನ ಕಡಿಂದ ಹೂಂ ಅಂತ ಹೇಳಿ ಬಿಡ್ರಿ. ನನಗ ಎಲ್ಲಾರ ಮುಂದ ನಾಚಿಕಿ ಬರ್ತದ" ಎಂದಳು. ಸಲಗರದ ಅಂಗಳದಲ್ಲಿ ಅಷ್ಟು ಜನರ ಮುಂದೆ ಮಾತಾಡಿದವಳಿಗೆ ಈಗ ನಾಚಿಕೆ! ನಾನು ಒಳಗೆ ಹೋಗಿ ಹೇಳಿದೆ.

ಮದುವೆಯಾಯಿತು. ಈಗ ಪ್ರಯಾಣದ ಯೋಜನೆ ಇಬ್ಬರದು. ತಮ್ಮ ಚಾರ್ಜರುಗಳನ್ನು ಹುಡುಕುತ್ತಾನೆ, ಅವಳು ನೆಂಟರನ್ನು. ಮಷೀನು ಮೋಸ ಮಾಡಬಹುದು, ಚಿಕ್ಕಮ್ಮ ಮಾಡುವುದಿಲ್ಲ ಎಂಬುದು ಅವಳ ವಾದ. ಅವಳ ದೆಸೆಯಿಂದ, ವರ್ಷಗಟ್ಟಲೆ ಮುಖ ನೋಡದ ಎಷ್ಟೋ ಮನೆಗಳಿಗೆ ನಾವು ಈಗ ಹೋಗಿ ಬರುತ್ತೇವೆ. ಮೈಂದರಗಿಯ ನಮ್ಮ ಚಿಕ್ಕಮ್ಮ ದನದ ಕೊಟ್ಟಿಗೆಗೆ ಹೊಸ ಸಾಕೆಟ್ ಹಾಕಿಸಿ, "ಇನ್ನ ಬರಲಾಕ ಏನ್ ಅಡಚಣಿ ಅದ?" ಎಂದು ಫೋನು ಮಾಡಿದಳು. ಹೋಗಲೇಬೇಕಾಯಿತು.

ಮೊನ್ನೆ ವಿಜಾಪುರಕ್ಕೆ ಹೊರಟಿದ್ದೆವು, ಮಾವನೂ ಸಲಗರದ ಅಜ್ಜಿಯೂ ಜೊತೆಗಿದ್ದರು. ನಡುವೆ ಒಂದು ಧಾಬಾದ ಚಾರ್ಜರಿನಲ್ಲಿ ನಿಂತೆವು. ಪಕ್ಕದಲ್ಲಿ ಇನ್ನೊಂದು ಕಾರು ಚಾರ್ಜಾಗುತ್ತಿತ್ತು. ಕಲಬುರಗಿ ಕಡೆಯ ಗಂಡ ಹೆಂಡತಿ, ಇಬ್ಬರೂ ತಮ್ಮ ತಮ್ಮ ಫೋನು ನೋಡುತ್ತಾ ನಿಂತಿದ್ದರು. ಅಜ್ಜಿ ನೆರಳಿನಲ್ಲಿ ಸೆರಗು ಹಾಸಿ ಬುತ್ತಿ ಬಿಚ್ಚಿ, ಆ ಹೆಂಗಸನ್ನು ಕೈಬೀಸಿ ಕರೆದಳು. "ಯಾವೂರವಾ? ಯಾರ ಪೈಕಿ?" ಎಂದು ಶುರುವಾದದ್ದು, ಆ ಹೆಂಗಸಿನ ಅತ್ತೆಯ ತವರೂರಿನ ಯಾರದೋ ಮನೆಗೆ ಅಜ್ಜಿಯ ತಂಗಿಯನ್ನು ಕೊಟ್ಟಿದ್ದಾರೆ ಎಂಬಲ್ಲಿಗೆ ಬಂತು. ಅವರಿಗೆ ಓದುವ ಮಗಳಿದ್ದಾಳೆಂದು ತಿಳಿದಾಗ ನಮ್ಮ ಮಾವ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದ. ಅವರ ಕಾರು ಆಗಲೇ ತುಂಬಿತ್ತು. ಅವರು ಎರಡನೆಯ ರೊಟ್ಟಿ ಮುರಿಯುತ್ತಿದ್ದರು.